ಮಸೂರಕ್ಕೊಂದು ಮುಂಗಾವಲು: ಕ್ಯಾಮೆರಾ ಫಿಲ್ಟರಿನ ಉಪಯೋಗ ಮತ್ತು ಮಿತಿ

ಮಹಾರಾಷ್ಟ್ರದ ಥಾಣೆ ಜಿಲ್ಲೆಯ ಕಲ್ಯಾಣವು ಉಲ್ಹಾಸ್ ನದಿಯ ದಂಡೆಯಲ್ಲಿ ಬೆಳೆದ ಪುರಾತನ ಬಂದರು ಪಟ್ಟಣ. ಮುಂಬಯಿಯ ಬೋರಿಬಂದರಿನಿಂದ ಥಾಣೆಯವರೆಗೆ 1853ರಲ್ಲಿ ತೆರೆದ ರೈಲುಮಾರ್ಗವು ಮರುವರ್ಷವೇ ಕಲ್ಯಾಣವನ್ನು ಮುಟ್ಟಿತು. ಆ ಮಾರ್ಗದ ಆಸುಪಾಸಿನಲ್ಲಿ ಇಂದು ಥಾಣೆ, ಡೊಂಬಿವಲಿ, ಕಲ್ಯಾಣ ನಗರಗಳೂ, ಕೊಲ್ಲಿಯ ಪೂರ್ವದಂಡೆಯಲ್ಲಿ ನವಿ ಮುಂಬಯಿಯೂ ಹಬ್ಬಿಕೊಂಡಿವೆ. ಉದ್ಯೋಗವನ್ನರಸಿ ಇಲ್ಲಿಗೆ ಬಂದು ನೆಲೆಸಿದವರಲ್ಲಿ ಕರಾವಳಿಯ ಮತ್ತು ಉತ್ತರ ಕರ್ನಾಟಕದ ಕನ್ನಡ ಕುಟುಂಬಗಳೂ ಸೇರಿವೆ. ನಾಮಕರಣ, ಉಪನಯನ, ಮದುವೆ, ಕನ್ನಡ ಸಂಘದ ವಾರ್ಷಿಕೋತ್ಸವ, ಊರಿನಿಂದ ಬಂದ ಮೇಳದ ಯಕ್ಷಗಾನ ಮುಂತಾದವುಗಳ ನೆನಪನ್ನು ಇಂತಹ ಕುಟುಂಬಗಳು ಛಾಯಾಚಿತ್ರಗಳಲ್ಲಿ ಕಾಪಿಟ್ಟುಕೊಂಡಿವೆ. ಕೆಲವರಿಗೆ ಛಾಯಾಗ್ರಹಣವು ಹವ್ಯಾಸವಾದರೆ, ಇನ್ನು ಕೆಲವರಿಗೆ ಅದೇ ಜೀವನೋಪಾಯ.

ಆದರೆ ಈ ಪ್ರದೇಶದ ಹವಾಮಾನವು ಕ್ಯಾಮೆರಾಕ್ಕೆ ಅನುಕೂಲಕರವಾದುದಲ್ಲ. ಕೊಲ್ಲಿಯ ಕಡೆಯಿಂದ ಬೀಸುವ ಗಾಳಿಯಲ್ಲಿ ಉಪ್ಪಿನ ಅಂಶವಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೂ ತೇವವೂ ಬಿಡದೆ ಕಾಡುತ್ತವೆ. ಮಳೆ ನಿಂತ ಮೇಲೆ ರಸ್ತೆ ಮತ್ತು ಕಟ್ಟಡ ಕಾಮಗಾರಿಗಳ ಧೂಳಿನ ಸರದಿ. ಈ ಎಲ್ಲವುಗಳ ಮೊದಲ ಆಘಾತಕ್ಕೆ ಗುರಿಯಾಗುವುದು ಕ್ಯಾಮೆರಾದ ಅತ್ಯಂತ ಸೂಕ್ಷ್ಮವೂ ಬೆಲೆಯುಳ್ಳದ್ದೂ ಆದ ಭಾಗ, ಅಂದರೆ ಮಸೂರ. ಆದುದರಿಂದಲೇ ಕ್ಯಾಮೆರಾ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಮಸೂರದ ಜೊತೆಗೆ ಒಂದು ರಕ್ಷಣಾ ಫಿಲ್ಟರನ್ನೂ ಕೊಳ್ಳುವಂತೆ ಸಲಹೆ ನೀಡುವುದು ವಾಡಿಕೆಯಾಗಿದೆ. ಈ ಫಿಲ್ಟರ್ ನಿಜಕ್ಕೂ ಅವಶ್ಯಕವೇ? ಅದು ಯಾವುದರಿಂದ ಮಸೂರವನ್ನು ಕಾಪಾಡುತ್ತದೆ, ಯಾವುದರಿಂದ ಕಾಪಾಡಲಾರದು? ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ತಿಳಿದಿದ್ದರೆ ಅನವಶ್ಯಕ ವೆಚ್ಚವನ್ನೂ, ಅದಕ್ಕಿಂತ ದೊಡ್ಡದಾದ ನಷ್ಟವನ್ನೂ ತಪ್ಪಿಸಬಹುದು.

ಫಿಲ್ಟರ್ ಎಂದರೇನು?

ಲೋಹದ ತೆಳುವಾದ ಬಳೆಯೊಂದರಲ್ಲಿ ಕೂರಿಸಿದ, ಎರಡೂ ಮುಖಗಳು ಸಮತಟ್ಟಾಗಿರುವ ಗಾಜಿನ ಬಿಲ್ಲೆಯೇ ಫಿಲ್ಟರ್. ಮಸೂರದ ಮುಂಭಾಗದ ಒಳಅಂಚಿನಲ್ಲಿರುವ ತಿರುಪಿಗೆ ಇದನ್ನು ತಿರುಗಿಸಿ ಕೂರಿಸಲಾಗುತ್ತದೆ. ಫಿಲ್ಟರ್‌ಗಳಲ್ಲಿ ಹಲವು ಬಗೆಗಳುಂಟು. ಕಪ್ಪು ಬಿಳುಪು ಚಿತ್ರಗಳಲ್ಲಿ ಮೋಡಗಳು ಎದ್ದು ಕಾಣುವಂತೆ ಮಾಡುವ ಹಳದಿ ಫಿಲ್ಟರ್, ನೀರು ಮತ್ತು ಗಾಜಿನ ಮೇಲಣ ಹೊಳಪನ್ನು ತಗ್ಗಿಸುವ ಪೋಲರೈಸರ್, ಬೆಳಕಿನ ಪ್ರಮಾಣವನ್ನು ಕಡಿಮೆ ಮಾಡುವ ಬೂದು ಫಿಲ್ಟರ್ ಮೊದಲಾದವು ಚಿತ್ರದ ಸ್ವರೂಪವನ್ನು ಬದಲಿಸುವಂತಹವು. ರಕ್ಷಣೆಗಾಗಿ ಬಳಸುವಂತಹವು ಮುಖ್ಯವಾಗಿ ಮೂರು: ಅತಿನೇರಳೆ ಕಿರಣಗಳನ್ನು ತಡೆಯುವ ಯುವಿ ಫಿಲ್ಟರ್, ನಸುಗುಲಾಬಿ ಛಾಯೆಯ ಸ್ಕೈಲೈಟ್ ಫಿಲ್ಟರ್ ಮತ್ತು ಯಾವುದೇ ಬಣ್ಣವಿಲ್ಲದ ಪಾರದರ್ಶಕ ಫಿಲ್ಟರ್.

ಮನುಷ್ಯನ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರವು ಸುಮಾರು 400ರಿಂದ 700 ನ್ಯಾನೊಮೀಟರ್‌ಗಳಷ್ಟು. ಅದಕ್ಕಿಂತ ಕಡಿಮೆ ತರಂಗಾಂತರದ ಅತಿನೇರಳೆ ಕಿರಣಗಳು ಕಣ್ಣಿಗೆ ಕಾಣದಿದ್ದರೂ ಫಿಲ್ಮಿನ ಮೇಲೆ ಪರಿಣಾಮ ಬೀರುತ್ತಿದ್ದವು. ಸಮುದ್ರತೀರದಲ್ಲಿ ಅಥವಾ ಮಾಳಶೇಜ್ ಘಾಟಿನಂತಹ ಎತ್ತರದ ಸ್ಥಳಗಳಲ್ಲಿ ತೆಗೆದ ಬಣ್ಣದ ಚಿತ್ರಗಳಲ್ಲಿ ದೂರದ ದೃಶ್ಯವು ನೀಲಿ ಮುಸುಕು ಹೊದ್ದಂತೆ ಕಾಣುತ್ತಿದ್ದುದಕ್ಕೆ ಇದೂ ಒಂದು ಕಾರಣ. ಯುವಿ ಫಿಲ್ಟರ್ ಬಳಕೆಗೆ ಬಂದದ್ದು ಈ ದೋಷವನ್ನು ನಿವಾರಿಸಲು. ಮಸೂರದ ಮೇಲೆ ಸದಾ ಇರಿಸಿದರೂ ಚಿತ್ರದ ಬಣ್ಣ ಕೆಡುತ್ತಿರಲಿಲ್ಲವಾದ್ದರಿಂದ ಕಾಲಕ್ರಮದಲ್ಲಿ ಅದು ರಕ್ಷಣಾ ಕವಚವಾಗಿಯೂ ಬಳಕೆಯಾಯಿತು.

ಡಿಜಿಟಲ್ ಕ್ಯಾಮೆರಾಗಳಲ್ಲಿ ಪರಿಸ್ಥಿತಿ ಬೇರೆ. ಬೆಳಕನ್ನು ಗ್ರಹಿಸುವ ಸಂವೇದಕದ ಮುಂದೆ ಅತಿನೇರಳೆ ಮತ್ತು ಅವಕೆಂಪು ಕಿರಣಗಳನ್ನು ತಡೆಯುವ ಪದರವನ್ನು ತಯಾರಕರೇ ಅಳವಡಿಸಿರುತ್ತಾರೆ. ಆದುದರಿಂದ ಇಂದಿನ ಕ್ಯಾಮೆರಾಗಳಲ್ಲಿ ಯುವಿ ಫಿಲ್ಟರ್ ಹಾಕಿದರೂ ಪಾರದರ್ಶಕ ಫಿಲ್ಟರ್ ಹಾಕಿದರೂ ಚಿತ್ರದಲ್ಲಿ ವ್ಯತ್ಯಾಸವು ಕಾಣುವುದು ಅಪರೂಪ. ಮಂಜು, ಹೊಗೆ, ಧೂಳುಗಳಿಂದ ಉಂಟಾಗುವ ಮಬ್ಬನ್ನು ಯುವಿ ಫಿಲ್ಟರ್ ನಿವಾರಿಸುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಹೀಗೆ, ಡಿಜಿಟಲ್ ಕ್ಯಾಮೆರಾದ ಮಟ್ಟಿಗೆ ಈ ಫಿಲ್ಟರ್‌ಗೆ ಉಳಿದಿರುವ ಕೆಲಸ ಒಂದೇ: ಕಾವಲು.

ಕಾವಲು ಎಲ್ಲಿ ಅವಶ್ಯಕ?

ಉಪ್ಪು, ನೀರಹನಿ, ಧೂಳು, ಬಣ್ಣದ ಪುಡಿ ಮತ್ತು ಕಿಡಿ ಇವು ಮಸೂರದ ಮೇಲೆ ನೇರವಾಗಿ ಬೀಳುವ ಸಂಭವವಿರುವ ಕಡೆಗಳಲ್ಲೆಲ್ಲ ಫಿಲ್ಟರ್ ಬಳಸುವುದು ಯುಕ್ತ. ಇದಕ್ಕೆ ಈ ಪ್ರದೇಶದಲ್ಲಿಯೇ ಉದಾಹರಣೆಗಳು ಹೇರಳವಾಗಿವೆ.

ಥಾಣೆ ಕೊಲ್ಲಿಯ ಕೆಸರುಬಯಲುಗಳಿಗೆ ಪ್ರತಿ ವರ್ಷವೂ ಚಳಿಗಾಲದಿಂದ ಬೇಸಿಗೆಯವರೆಗೆ ಫ್ಲೆಮಿಂಗೊ ಹಕ್ಕಿಗಳು, ಅಂದರೆ ರಾಜಹಂಸಗಳು, ಬಹುಸಂಖ್ಯೆಯಲ್ಲಿ ಬಂದಿಳಿಯುತ್ತವೆ. ಕೊಲ್ಲಿಯ ಒಂದು ಭಾಗವನ್ನು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಈ ಕೊಲ್ಲಿಯು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರ್ಪಡೆಯಾಯಿತು. ಐರೋಲಿಯ ಕಡೆಯಿಂದ ದೋಣಿಯಲ್ಲಿ ಹೋಗಿ ಈ ಹಕ್ಕಿಗಳ ಚಿತ್ರ ತೆಗೆಯುವವರ ಮಸೂರದ ಮೇಲೆ ಉಪ್ಪುನೀರಿನ ಸೂಕ್ಷ್ಮ ತುಂತುರು ಬೀಳುತ್ತಲೇ ಇರುತ್ತದೆ. ಹನಿ ಆರಿದ ಮೇಲೆ ಉಳಿಯುವ ಉಪ್ಪಿನ ಹರಳುಗಳನ್ನು ಒಣಬಟ್ಟೆಯಿಂದ ಉಜ್ಜಿದರೆ ಮಸೂರದ ಲೇಪನಕ್ಕೆ ಗೀರು ಬೀಳುತ್ತದೆ. ಫಿಲ್ಟರ್ ಇದ್ದಲ್ಲಿ ಅದನ್ನು ಕಳಚಿ ಸಿಹಿನೀರಿನಲ್ಲಿಯೇ ತೊಳೆಯಬಹುದು. ಮಸೂರವನ್ನು ಹಾಗೆ ತೊಳೆಯಲಾಗದು. ಕಾರವಾರ, ಮಲ್ಪೆ, ಕಾಸರಗೋಡುಗಳ ಕಡಲತೀರಕ್ಕೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಕೃಷ್ಣಾಷ್ಟಮಿಯ ಮರುದಿನ ಥಾಣೆಯಲ್ಲಿ ನಡೆಯುವ ದಹಿಹಂಡಿಯನ್ನು ಉಡುಪಿಯ ವಿಟ್ಲಪಿಂಡಿಯನ್ನು ಬಲ್ಲವರು ಸುಲಭವಾಗಿ ಊಹಿಸಿಕೊಳ್ಳಬಹುದು. ಮಾನವ ಗೋಪುರದ ಮೇಲೆ ಸುರಿಯುವ ನೀರು, ಒಡೆದ ಗಡಿಗೆಯಿಂದ ಚೆಲ್ಲುವ ಮೊಸರು ಛಾಯಾಗ್ರಾಹಕನನ್ನೂ ಬಿಡುವುದಿಲ್ಲ. ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ಗುಲಾಲು, ಹೋಳಿಯಲ್ಲಿ ಬಣ್ಣದ ನೀರು ಇದೇ ಕೆಲಸ ಮಾಡುತ್ತವೆ. ಇಂತಹ ಸಂದರ್ಭಗಳಲ್ಲಿ ಗಾಜನ್ನು ಮೇಲಿಂದ ಮೇಲೆ ಒರೆಸಲೇಬೇಕಾಗುತ್ತದೆ. ಒರೆಸಿದಷ್ಟೂ ಗಾಜಿನ ಲೇಪನ ಸವೆಯುವ ಭಯವಿರುತ್ತದೆ. ಆ ಸವೆತವನ್ನು ಫಿಲ್ಟರ್ ತನ್ನ ಮೇಲೆ ಹಾಕಿಕೊಳ್ಳುತ್ತದೆ.

ಡೊಂಬಿವಲಿ ಮತ್ತು ಥಾಣೆ–ಬೇಲಾಪುರ ರಸ್ತೆಯ ಕೈಗಾರಿಕಾ ಪ್ರದೇಶಗಳಲ್ಲಿ ಕಾರ್ಯನಿರತರಾದ ಛಾಯಾಗ್ರಾಹಕರು ಇನ್ನೊಂದು ಅಪಾಯವನ್ನು ಗಮನಿಸಬೇಕು. ವೆಲ್ಡಿಂಗ್ ನಡೆಯುವಲ್ಲಿ ಅಥವಾ ಲೋಹವನ್ನು ಸಾಣೆಯಂತ್ರಕ್ಕೆ ಹಿಡಿದಲ್ಲಿ ಸಿಡಿಯುವ ಬಿಸಿ ಕಣಗಳು ಗಾಜಿಗೆ ತಗಲಿದರೆ ಅಲ್ಲಿಯೇ ಅಂಟಿ ಸಣ್ಣ ಗುಳಿಗಳನ್ನುಂಟುಮಾಡುತ್ತವೆ. ಅವುಗಳನ್ನು ಒರೆಸಿ ತೆಗೆಯುವಂತಿಲ್ಲ. ಇಲ್ಲಿ ಫಿಲ್ಟರ್ ಬಳಸುವುದು ಅತ್ಯವಶ್ಯಕ.

ಇವಲ್ಲದೆ, ಧೂಳು ಮತ್ತು ತೇವ ಒಳಸೇರದಂತೆ ರಚಿಸಲಾದ ಕೆಲವು ಮಸೂರಗಳಲ್ಲಿ, ಮುಂಭಾಗಕ್ಕೆ ಫಿಲ್ಟರ್ ಹಾಕಿದಾಗ ಮಾತ್ರ ಆ ರಕ್ಷಣೆಯು ಪೂರ್ಣಗೊಳ್ಳುತ್ತದೆ ಎಂದು ತಯಾರಕರೇ ತಿಳಿಸಿರುತ್ತಾರೆ. ಮಸೂರದೊಡನೆ ಬರುವ ಕೈಪಿಡಿಯನ್ನು ಓದುವುದರಿಂದ ಈ ವಿಷಯ ತಿಳಿಯುತ್ತದೆ.

ಫಿಲ್ಟರಿನ ಮಿತಿಗಳು

ಫಿಲ್ಟರ್ ಹಾಕಿದ್ದರೆ ಕ್ಯಾಮೆರಾ ಕೆಳಗೆ ಬಿದ್ದರೂ ಮಸೂರಕ್ಕೆ ಏನೂ ಆಗದು ಎಂಬ ಭಾವನೆ ವ್ಯಾಪಕವಾಗಿದೆ. ಫಿಲ್ಟರ್ ಚೂರಾಗಿ ಮಸೂರ ಉಳಿದ ಪ್ರಸಂಗಗಳನ್ನು ಇದಕ್ಕೆ ಸಾಕ್ಷ್ಯವಾಗಿ ಹೇಳಲಾಗುತ್ತದೆ. ಆದರೆ ಫಿಲ್ಟರಿನ ಗಾಜು ತೀರ ತೆಳು. ಮಸೂರದ ಹೊರಗಾಜು ಅದಕ್ಕಿಂತ ಬಹುಪಾಲು ದಪ್ಪ. ಮಸೂರಕ್ಕೆ ಯಾವ ಹಾನಿಯನ್ನೂ ಮಾಡದಂತಹ ಪೆಟ್ಟಿಗೂ ಫಿಲ್ಟರ್ ಒಡೆಯಬಹುದು. ಆದುದರಿಂದ ಫಿಲ್ಟರ್ ಒಡೆದ ಮಾತ್ರಕ್ಕೆ ಅದು ಮಸೂರವನ್ನು ಉಳಿಸಿತೆಂದು ಹೇಳುವಂತಿಲ್ಲ. ಕೆಲವೊಮ್ಮೆ ಒಡೆದ ಫಿಲ್ಟರಿನ ಚೂರುಗಳೇ ಮಸೂರದ ಮೇಲೆ ಗೀರೆಳೆಯುವುದೂ ಉಂಟು. ಬಿದ್ದ ರಭಸಕ್ಕೆ ಒಳಗಿನ ಗಾಜುಗಳು ಸ್ಥಾನಪಲ್ಲಟಗೊಂಡರೆ ಅದನ್ನು ಯಾವ ಫಿಲ್ಟರೂ ತಡೆಯಲಾರದು. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ, ಮದುವೆ ಮಂಟಪದ ಗದ್ದಲದಲ್ಲಿ ತಗಲುವ ಪೆಟ್ಟಿಗೆ ಹೆಚ್ಚು ಪರಿಣಾಮಕಾರಿಯಾದ ತಡೆಯೆಂದರೆ ಮಸೂರದ ಮುಂದೆ ಕೂರಿಸುವ ಲೆನ್ಸ್ ಹುಡ್ ಎಂಬ ಕೊಳವೆಯಾಕಾರದ ಮರೆ. ಪೆಟ್ಟನ್ನು ಅದು ಗಾಜಿನಿಂದ ದೂರದಲ್ಲಿಯೇ ತಾಳಿಕೊಳ್ಳುತ್ತದೆ. ಕ್ಯಾಮೆರಾವನ್ನು ಬಳಸದಿರುವಾಗ ಮುಚ್ಚಳ ಹಾಕುವುದನ್ನು ಮರೆಯಬಾರದು.

ಫಿಲ್ಟರ್ ಕ್ಯಾಮೆರಾವನ್ನು ಜಲನಿರೋಧಕವನ್ನಾಗಿ ಮಾಡುವುದಿಲ್ಲ. 2005ರ ಜುಲೈ 26ರಂದು ಆರಂಭವಾದ ಮಳೆಯಲ್ಲಿ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಕಲ್ಯಾಣದ ಸುತ್ತಲ ತಗ್ಗು ಪ್ರದೇಶಗಳೂ ಉಲ್ಹಾಸ್ ನದಿಯ ನೆರೆಗೆ ತುತ್ತಾದವು. ಅಂತಹ ಮಳೆಯಲ್ಲಿ ನೀರು ಕ್ಯಾಮೆರಾದ ಗುಂಡಿ, ಸಂದು, ಬ್ಯಾಟರಿಯ ಬಾಗಿಲುಗಳ ಮೂಲಕ ಒಳನುಗ್ಗುತ್ತದೆ. ಮಳೆಗಾಲದಲ್ಲಿ ಇಡೀ ಕ್ಯಾಮೆರಾವನ್ನು ಮುಚ್ಚುವ ಪ್ಲಾಸ್ಟಿಕ್ ಹೊದಿಕೆಯೂ, ಜಲನಿರೋಧಕ ಚೀಲವೂ ಅವಶ್ಯಕ.

ಬೂಷ್ಟು ಇನ್ನೊಂದು ಗಂಭೀರ ಸಮಸ್ಯೆ. ಗಾಳಿಯ ಸಾಪೇಕ್ಷ ಆರ್ದ್ರತೆಯು ದೀರ್ಘಕಾಲ ಹೆಚ್ಚಾಗಿದ್ದಲ್ಲಿ ಮಸೂರದ ಒಳಗಾಜುಗಳ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಅದು ಸ್ರವಿಸುವ ಆಮ್ಲವು ಗಾಜಿನ ಲೇಪನವನ್ನು ಶಾಶ್ವತವಾಗಿ ಕೆಡಿಸುತ್ತದೆ. ಮುಂಭಾಗದ ಫಿಲ್ಟರ್ ಇದಕ್ಕೆ ತಡೆಯಲ್ಲ. ಬದಲಾಗಿ, ಮಳೆಯಲ್ಲಿ ನೆನೆದ ಫಿಲ್ಟರನ್ನು ಕಳಚದೆ ಹಾಗೆಯೇ ಕಪಾಟಿನಲ್ಲಿಟ್ಟರೆ ಫಿಲ್ಟರ್ ಮತ್ತು ಮಸೂರದ ನಡುವೆ ಉಳಿದ ತೇವವೇ ಬೂಷ್ಟಿಗೆ ಆಶ್ರಯವಾಗುತ್ತದೆ. ಚರ್ಮದ ಚೀಲದಲ್ಲಿ ಮಳೆಗಾಲವಿಡೀ ಕ್ಯಾಮೆರಾವನ್ನು ಕಟ್ಟಿಡುವುದೂ ಹಾನಿಕರ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಎಂಬ ತೇವಹೀರುವ ಹರಳುಗಳೊಡನೆ ಅದನ್ನು ಇರಿಸಬೇಕು. ಈ ಹರಳುಗಳಲ್ಲಿ ಒಂದು ಬಗೆಯವು ಒಣಗಿದ್ದಾಗ ನೀಲಿಯಾಗಿಯೂ, ತೇವ ಹೀರಿದಾಗ ಗುಲಾಬಿಯಾಗಿಯೂ ಕಾಣುತ್ತವೆ. ಬಣ್ಣ ಬದಲಾದಾಗ ಅವನ್ನು ಹದವಾಗಿ ಬಿಸಿಮಾಡಿ ಪುನಃ ಬಳಸಬಹುದು. ಅಡುಗೆಯ ಪಾತ್ರೆಯನ್ನು ಇದಕ್ಕೆ ಬಳಸಬಾರದು. ಹರಳುಗಳು ಮಕ್ಕಳ ಕೈಗೆ ಸಿಗದಂತೆ ಎಚ್ಚರ ವಹಿಸಬೇಕು. ಆಗಾಗ ಕ್ಯಾಮೆರಾವನ್ನು ಹೊರತೆಗೆದು ಬಳಸುವುದೂ ಬೂಷ್ಟನ್ನು ದೂರವಿಡಲು ನೆರವಾಗುತ್ತದೆ.

ಫಿಲ್ಟರನ್ನು ಯಾವಾಗ ಕಳಚಬೇಕು?

ಎಷ್ಟೇ ಶುಭ್ರವಾದ ಗಾಜಾದರೂ ತನ್ನ ಮೇಲೆ ಬಿದ್ದ ಬೆಳಕಿನ ಅಲ್ಪಾಂಶವನ್ನು ಪ್ರತಿಫಲಿಸುತ್ತದೆ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮುಖದಿಂದ ಶೇಕಡಾ 4ರಷ್ಟು ಬೆಳಕು ಹಿಂದಿರುಗುತ್ತದೆ. ಫಿಲ್ಟರಿಗೆ ಎರಡು ಮುಖಗಳಿರುವುದರಿಂದ ಒಟ್ಟು ಸುಮಾರು ಶೇಕಡಾ 8ರಷ್ಟು ಬೆಳಕು ನಷ್ಟವಾಗುತ್ತದೆ. ಬಹುಪದರ ಲೇಪನವಿರುವ ಉತ್ತಮ ಫಿಲ್ಟರಿನಲ್ಲಿ ಈ ಪ್ರಮಾಣವು ಪ್ರತಿ ಮುಖಕ್ಕೆ ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಬೆಳಕಿನ ಈ ನಷ್ಟವನ್ನು ಕ್ಯಾಮೆರಾವೇ ಸರಿದೂಗಿಸಿಕೊಳ್ಳುತ್ತದೆ. ತೊಂದರೆಯಿರುವುದು ಪ್ರತಿಫಲಿಸಿದ ಬೆಳಕು ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ. ಸಂವೇದಕದ ಹೊಳೆಯುವ ಮೈಯಿಂದ ಹಿಂದಿರುಗಿದ ಬೆಳಕು ಫಿಲ್ಟರಿನ ಸಮತಟ್ಟು ಮುಖಕ್ಕೆ ಬಡಿದು ಮತ್ತೆ ಸಂವೇದಕದ ಮೇಲೆ ಬೀಳುತ್ತದೆ. ಆಗ ಚಿತ್ರದಲ್ಲಿ ಇಲ್ಲದ ದೀಪವೊಂದು ಇದ್ದಂತೆ ಕಾಣುತ್ತದೆ.

ಹಗಲು ಬೆಳಕಿನಲ್ಲಿ ಇದು ಸಾಮಾನ್ಯವಾಗಿ ಗೋಚರಿಸುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಪ್ರಖರ ದೀಪಗಳಿರುವಾಗ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ದೀಪಾವಳಿಯ ಸಾಲುದೀಪಗಳು, ಥಾಣೆಯ ಮಾಸುಂದಾ ಕೆರೆಯ ದಡದ ರಾತ್ರಿಯ ನೋಟ, ಪ್ರೇಕ್ಷಕರತ್ತ ಮುಖಮಾಡಿದ ದೀಪಗಳಿರುವ ಯಕ್ಷಗಾನ ರಂಗಸ್ಥಳ ಇವುಗಳ ಚಿತ್ರ ತೆಗೆಯುವಾಗ ಫಿಲ್ಟರನ್ನು ಕಳಚಿಡುವುದು ಲೇಸು. ಸಭಾಂಗಣದ ಒಳಗೆ ಉಪ್ಪೂ ಇಲ್ಲ, ಮಳೆಯೂ ಇಲ್ಲ. ಕಾಯಬೇಕಾದ ಶತ್ರುವೇ ಇಲ್ಲದೆಡೆ ಕಾವಲುಗಾರನು ನೋಟಕ್ಕೆ ಅಡ್ಡ ಮಾತ್ರ. ಸೂರ್ಯೋದಯ, ಸೂರ್ಯಾಸ್ತಗಳಲ್ಲಿಯೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ದೂರದ ಹಕ್ಕಿಗಳನ್ನು ಹತ್ತಿರಕ್ಕೆ ತರುವ ದೀರ್ಘ ಸಂಗಮದೂರದ ಮಸೂರಗಳಲ್ಲಿ ಕಳಪೆ ಗಾಜಿನ ಫಿಲ್ಟರ್ ಚಿತ್ರದ ಸ್ಪಷ್ಟತೆಯನ್ನು ಕುಗ್ಗಿಸುತ್ತದೆ. ವಿಶಾಲ ನೋಟದ ಮಸೂರಗಳಲ್ಲಿ ದಪ್ಪ ಅಂಚಿನ ಫಿಲ್ಟರ್ ಹಾಕಿದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಪೋಲರೈಸರ್ ಮುಂತಾದ ಇನ್ನೊಂದು ಫಿಲ್ಟರ್ ಬಳಸುವಾಗ ರಕ್ಷಣಾ ಫಿಲ್ಟರನ್ನು ತೆಗೆದು ಒಂದನ್ನಷ್ಟೇ ಹಾಕಬೇಕು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

ಫಿಲ್ಟರಿನ ಅಳತೆಯು ಮಸೂರದ ಮುಂಭಾಗದ ವ್ಯಾಸಕ್ಕೆ ಹೊಂದಬೇಕು. ಅಡ್ಡಗೆರೆ ಎಳೆದ ಸೊನ್ನೆಯಂತಹ ಚಿಹ್ನೆಯ ಪಕ್ಕದಲ್ಲಿ 52, 58, 67, 77 ಎಂಬಂತೆ ಮಿಲಿಮೀಟರ್‌ಗಳಲ್ಲಿ ಈ ಅಳತೆಯನ್ನು ಸಾಮಾನ್ಯವಾಗಿ ಮಸೂರದ ಮುಂಭಾಗದಲ್ಲಿಯೋ ಮುಚ್ಚಳದ ಒಳಬದಿಯಲ್ಲಿಯೋ ನಮೂದಿಸಿರುತ್ತಾರೆ. ಮಸೂರದ ಸಂಗಮದೂರವೂ ಮಿಲಿಮೀಟರ್‌ಗಳಲ್ಲಿಯೇ ಇರುವುದರಿಂದ ಎರಡನ್ನೂ ಒಂದೆಂದು ಭಾವಿಸಬಾರದು.

ಲೇಪನವಿದೆಯೇ ಎಂಬುದನ್ನು ಸರಳವಾಗಿ ಪರೀಕ್ಷಿಸಬಹುದು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಫಿಲ್ಟರನ್ನು ಓರೆಯಾಗಿ ಹಿಡಿದಾಗ ದೀಪದ ಬಿಂಬವು ಬೆಳ್ಳಗೆ, ಪ್ರಖರವಾಗಿ ಕಂಡರೆ ಅದು ಲೇಪನವಿಲ್ಲದ ಗಾಜು. ಬಿಂಬವು ಮಂದವಾಗಿ, ಹಸಿರು ಅಥವಾ ನೇರಳೆ ಛಾಯೆಯಲ್ಲಿ ಕಂಡರೆ ಲೇಪನವಿದೆ ಎಂದರ್ಥ. ಬೆಲೆಬಾಳುವ ಮಸೂರದ ಮುಂದೆ ಅಗ್ಗದ ಗಾಜನ್ನಿರಿಸುವುದು ಉಳಿತಾಯವಲ್ಲ. ಹಾಗೆಯೇ, ಕಡಿಮೆ ಬೆಲೆಯ ಮಸೂರಕ್ಕೆ ಅದರ ಬೆಲೆಯ ಅರ್ಧದಷ್ಟು ಹಣ ತೆತ್ತು ಫಿಲ್ಟರ್ ಕೊಳ್ಳುವುದೂ ವಿವೇಕವಲ್ಲ.

ಕೊಂಡ ವಸ್ತುವಿಗೆ ರಸೀದಿ ಪಡೆಯುವುದು ಗ್ರಾಹಕರ ಹಕ್ಕು. ಪ್ರಸಿದ್ಧ ಹೆಸರಿನ ನಕಲಿ ಫಿಲ್ಟರ್ ಮಾರಾಟವಾದಲ್ಲಿ ಅಥವಾ ಬೇಡವೆಂದರೂ ಫಿಲ್ಟರನ್ನು ಕೊಳ್ಳಲೇಬೇಕೆಂದು ಒತ್ತಾಯಿಸಿದಲ್ಲಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಸಲ್ಲಿಸಬಹುದು. 1986ರ ಕಾಯಿದೆಯ ಸ್ಥಾನದಲ್ಲಿ ಜಾರಿಗೆ ಬಂದಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಗ್ರಾಹಕರಿಗೆ ಇಂತಹ ಅನುಚಿತ ವ್ಯಾಪಾರ ಪದ್ಧತಿಗಳಿಂದ ರಕ್ಷಣೆ ನೀಡುತ್ತದೆ.

ಶುಚಿಗೊಳಿಸುವ ಕ್ರಮ

ಮೊದಲು ರಬ್ಬರಿನ ಬ್ಲೋವರ್‌ನಿಂದ ಗಾಳಿಯೂದಿ ಧೂಳಿನ ಕಣಗಳನ್ನು ಹಾರಿಸಬೇಕು. ಉಳಿದುದನ್ನು ಮೃದುವಾದ ಕುಂಚದಿಂದ ಸರಿಸಬೇಕು. ಆಮೇಲಷ್ಟೇ ಮೈಕ್ರೋಫೈಬರ್ ಬಟ್ಟೆಗೆ ಒಂದೆರಡು ಹನಿ ಲೆನ್ಸ್ ದ್ರಾವಣ ಹಾಕಿ ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ಹಗುರವಾಗಿ ಒರೆಸಬೇಕು. ದ್ರಾವಣವನ್ನು ನೇರವಾಗಿ ಮಸೂರದ ಮೇಲೆ ಸುರಿಯಬಾರದು. ಧೋತರದ ಅಂಚು, ಸೀರೆಯ ಸೆರಗು, ಅಂಗಿಯ ತುದಿಗಳಲ್ಲಿ ಕಣ್ಣಿಗೆ ಕಾಣದ ಧೂಳಿರುವುದರಿಂದ ಅವುಗಳನ್ನು ಬಳಸುವುದು ಸಲ್ಲದು. ಗಾಜಿನ ಮೇಲೆ ಒಂದೆರಡು ಧೂಳಿನ ಕಣಗಳಿದ್ದರೆ ಚಿತ್ರದಲ್ಲಿ ಅವು ಕಾಣುವುದಿಲ್ಲ. ಆದುದರಿಂದ ಅನವಶ್ಯಕವಾಗಿ ಒರೆಸುತ್ತಿರುವುದಕ್ಕಿಂತ ಸುಮ್ಮನಿರುವುದೇ ಮೇಲು.

ಕೆಲವೊಮ್ಮೆ ಫಿಲ್ಟರ್ ತಿರುಪಿನಲ್ಲಿ ಸಿಕ್ಕಿಕೊಂಡು ಬಿಡಿಸಲು ಬರುವುದಿಲ್ಲ. ಆಗ ಇಕ್ಕಳವನ್ನು ಬಳಸಬಾರದು. ರಬ್ಬರಿನ ಕೈಗವಸು ಧರಿಸಿ ಅಥವಾ ಅಂಚಿಗೆ ಅಗಲವಾದ ರಬ್ಬರ್ ಪಟ್ಟಿ ಸುತ್ತಿ, ಬಿಗಿಯಾಗಿ ಹಿಂಡದೆ ಸಮನಾಗಿ ತಿರುಗಿಸಿದರೆ ಸಾಮಾನ್ಯವಾಗಿ ಸಡಿಲಗೊಳ್ಳುತ್ತದೆ. ಪೆಟ್ಟು ಬಿದ್ದು ಅಂಚು ನೆಗ್ಗಿದ್ದಲ್ಲಿ ಅದನ್ನು ನುರಿತ ದುರಸ್ತಿಗಾರರಿಗೆ ಒಪ್ಪಿಸುವುದು ಕ್ಷೇಮ.

ಮೊಬೈಲ್ ದೂರವಾಣಿಯ ಕ್ಯಾಮೆರಾದ ಮುಂದೆ ತಯಾರಕರೇ ಗಾಜಿನ ಹೊದಿಕೆಯನ್ನು ಕೂರಿಸಿರುತ್ತಾರೆ. ಅದರ ಮೇಲೆ ಅಂಟಿಸುವ ಹೆಚ್ಚುವರಿ ಗಾಜಿಗೂ ಮೇಲೆ ಹೇಳಿದ ಪ್ರತಿಫಲನದ ನಿಯಮವೇ ಅನ್ವಯಿಸುತ್ತದೆ. ಮೊಬೈಲಿನ ಚಿತ್ರಗಳು ಮಬ್ಬಾಗಲು ಬಹುತೇಕ ಸಂದರ್ಭಗಳಲ್ಲಿ ಬೆರಳಿನ ಜಿಡ್ಡೇ ಕಾರಣ.

ಕಣ್ಣಿಗೆ ರಕ್ಷಣೆಯಲ್ಲ: ಒಂದು ಎಚ್ಚರಿಕೆ

ರಕ್ಷಣಾ ಫಿಲ್ಟರ್ ಎಂಬ ಹೆಸರು ಒಂದು ಅಪಾಯಕರ ತಪ್ಪು ತಿಳಿವಳಿಕೆಗೆ ಎಡೆಮಾಡಿಕೊಡಬಹುದು. ಈ ಫಿಲ್ಟರ್ ರಕ್ಷಿಸುವುದು ಮಸೂರವನ್ನು, ಕಣ್ಣನ್ನಲ್ಲ. 2019ರ ಡಿಸೆಂಬರ್ 26ರಂದು ಕಾಸರಗೋಡು, ಕೊಡಗು ಜಿಲ್ಲೆಗಳಲ್ಲಿ ಕಂಕಣ ಸೂರ್ಯಗ್ರಹಣವೂ ಥಾಣೆ, ಕಲ್ಯಾಣಗಳಲ್ಲಿ ಪಾರ್ಶ್ವ ಗ್ರಹಣವೂ ಗೋಚರಿಸಿದವು. ಇಂತಹ ಸಂದರ್ಭಗಳಲ್ಲಿ ಯುವಿ ಫಿಲ್ಟರ್ ಹಾಕಿದ ಕ್ಯಾಮೆರಾದ ಕಿಂಡಿಯಿಂದ ಸೂರ್ಯನನ್ನು ನೋಡುವುದು ಬರಿಗಣ್ಣಿನಿಂದ ನೋಡುವುದಕ್ಕಿಂತಲೂ ಅಪಾಯಕರ. ಮಸೂರವು ಸೂರ್ಯನ ಶಾಖವನ್ನು ಕೇಂದ್ರೀಕರಿಸಿ ಕಣ್ಣಿನೊಳಗೆ ಹಾಯಿಸುತ್ತದೆ. ದೃಷ್ಟಿಯು ಶಾಶ್ವತವಾಗಿ ನಷ್ಟವಾಗಬಹುದು. ಸೂರ್ಯನ ಚಿತ್ರಕ್ಕೆಂದೇ ತಯಾರಿಸಿದ ಸೌರ ಫಿಲ್ಟರ್ ಗೋಚರ ಬೆಳಕಿನ ಸುಮಾರು ಒಂದು ಲಕ್ಷದಲ್ಲಿ ಒಂದು ಭಾಗವನ್ನು ಮಾತ್ರ ಒಳಬಿಡುತ್ತದೆ. ಅದನ್ನು ಮಸೂರದ ಮುಂಭಾಗಕ್ಕೇ ಹಾಕಬೇಕು. ಸಾಮಾನ್ಯ ಬೂದು ಫಿಲ್ಟರ್, ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು ಯಾವುವೂ ಅದಕ್ಕೆ ಬದಲಿಯಲ್ಲ.

ಒಟ್ಟಿನಲ್ಲಿ, ರಕ್ಷಣಾ ಫಿಲ್ಟರ್ ಸದಾ ತೊಡಬೇಕಾದ ಕವಚವೂ ಅಲ್ಲ, ವ್ಯರ್ಥ ಆಡಂಬರವೂ ಅಲ್ಲ. ಕೊಲ್ಲಿಯ ದಂಡೆ, ಮಳೆ, ಮೆರವಣಿಗೆ, ಕಾರ್ಖಾನೆಗಳಲ್ಲಿ ಅದನ್ನು ಹಾಕಬೇಕು. ಸಭಾಂಗಣ ಹಾಗೂ ರಾತ್ರಿಯ ದೀಪಗಳ ಮುಂದೆ ಕಳಚಬೇಕು. ಮನೆಗೆ ಮರಳಿದೊಡನೆ ಫಿಲ್ಟರನ್ನೂ ಮಸೂರವನ್ನೂ ಬೇರ್ಪಡಿಸಿ ಒರೆಸಿ, ಒಣಗಿಸಿ ಇಡಬೇಕು. ಇಷ್ಟನ್ನು ರೂಢಿಸಿಕೊಂಡಲ್ಲಿ ಒಂದು ಮಸೂರವು ಕಡಲ ಗಾಳಿಯ ಊರಿನಲ್ಲಿಯೂ ಅನೇಕ ವರ್ಷಗಳವರೆಗೆ ತನ್ನ ಒಡೆಯನಿಗೆ ನಿಷ್ಠೆಯಿಂದ ಸೇವೆ ಸಲ್ಲಿಸುತ್ತದೆ.